ಎಳೆಮಕ್ಕಳ ತಾಯಿಗೆ ತಪಸ್ಸು ಯಾವುದು?

|| ಶ್ರೀ ವೀತರಾಗಾಯ ನಮಃ ||



ವ್ರತೋಪವಾಸಗಳಿಗೆ ಮೀಸಲಾದ ಈ ಪುಟಗಳಲ್ಲಿ ಅನಶನದ ಮಹಿಮೆಯನ್ನು ಎಷ್ಟು ಹೇಳಿದರೂ ಹೆಚ್ಚಾಗದು. ಅಷ್ಟಮಿ ಚತುರ್ದಶಿಗಳ ಪ್ರೋಷಧ, ಕಾರ್ತಿಕ ಫಾಲ್ಗುಣ ಆಷಾಢಗಳಲ್ಲಿ ಬರುವ ಅಷ್ಟಾಹ್ನಿಕ, ಭಾದ್ರಪದ ಶುದ್ಧ ಪಂಚಮಿಯಿಂದ ಚತುರ್ದಶಿಯವರೆಗಿನ ದಶಲಕ್ಷಣ ಪರ್ವ, ಇವು ನಮ್ಮ ಮನೆಗಳ ವರ್ಷದ ಲೆಕ್ಕವನ್ನೇ ರೂಪಿಸಿವೆ. ಪರ್ವ ಮುಗಿದ ಮರುದಿನ ಉಪವಾಸ ಮಾಡಿದವರನ್ನು ಬಸದಿಯಲ್ಲಿ ಕೂರಿಸಿ, ಹಾರ ಹಾಕಿ, ಪಾರಣೆ ಮಾಡಿಸುವುದನ್ನು ಕಂಡಾಗ ಎಂಥವನ ಮನಸ್ಸಾದರೂ ಮಣಿಯುತ್ತದೆ. ಅದು ಸಹಜ, ಅದು ಯೋಗ್ಯ. ಆದರೆ ಪ್ರಕೃತ ನಾನು ಹೇಳಹೊರಟಿರುವುದು ಆ ಸಾಲಿನಲ್ಲಿ ಕುಳಿತವರ ವಿಷಯವನ್ನಲ್ಲ. ಹಿಂದೆ ಕಂಬಕ್ಕೆ ಒರಗಿ, ತೊಡೆಯ ಮೇಲಿನ ಕೂಸನ್ನು ಸಂತೈಸುತ್ತ, ತಲೆ ತಗ್ಗಿಸಿ ಕುಳಿತ ಗೃಹಿಣಿಯ ವಿಷಯವನ್ನು.

ನಮ್ಮ ಭಾಗದ ಒಂದು ಬಸದಿಯಲ್ಲಿ ಸ್ವಾಧ್ಯಾಯ ಮುಗಿದ ಮೇಲೆ ಅಂಥ ಒಬ್ಬ ಸೊಸೆ ಬಂದು ಕೇಳಿದಳು: "ಮಾಸ್ತರ್ರ, ಈ ವರ್ಷ ನನ್ನ ಕೈಲೆ ಒಂದು ಉಪವಾಸಾನೂ ಆಗಲಿಲ್ರಿ. ಕೂಸು ಐದು ತಿಂಗಳದ್ದು. ಪರ್ವ ಸುಮ್ಮನ ಹೋತೇನ್ರಿ?" ಪಕ್ಕದಲ್ಲಿಯೇ ಇದ್ದ ಅತ್ತೆ, "ನಾ ಎರಡು ಹಡೆದಾಗೂ ಹತ್ತು ದಿನ ಬಿಟ್ಟವಳಲ್ಲ" ಎಂದರು. ಅತ್ತೆಯ ಮಾತಿನಲ್ಲಿ ಸುಳ್ಳಿರಲಿಲ್ಲ. ಸೊಸೆಯ ಪ್ರಶ್ನೆಯಲ್ಲಿ ಆಲಸ್ಯವೂ ಇರಲಿಲ್ಲ. ಇಬ್ಬರೂ ಧರ್ಮಶ್ರದ್ಧೆಯುಳ್ಳವರೇ. ಹೀಗಿರುವಾಗ ಆಗಮ ಈ ವಿಷಯದಲ್ಲಿ ಏನನ್ನುತ್ತದೆ ಎಂಬುದನ್ನು ಶಾಂತಚಿತ್ತದಿಂದ ವಿಚಾರಿಸಬೇಕಾಗಿದೆ. ಈ ಪ್ರಶ್ನೆ ಒಬ್ಬಳದಲ್ಲ; ತೊಟ್ಟಿಲು ತೂಗುವ ಪ್ರತಿ ಮನೆಯದು.

ಶಕ್ತಿಯನ್ನರಿತು

ತೀರ್ಥಂಕರ ನಾಮಕರ್ಮದ ಬಂಧಕ್ಕೆ ಕಾರಣವಾದ ಹದಿನಾರು ಭಾವನೆಗಳನ್ನು ನಾವೆಲ್ಲ ಬಲ್ಲೆವು. ಅವುಗಳಲ್ಲಿ ಆರನೆಯದು ಶಕ್ತಿತಸ್ತ್ಯಾಗ, ಏಳನೆಯದು ಶಕ್ತಿತಸ್ತಪ. ತ್ಯಾಗ ಎಂದಷ್ಟೇ ಹೇಳದೆ, ತಪಸ್ಸು ಎಂದಷ್ಟೇ ಹೇಳದೆ, ಆಚಾರ್ಯರು ಎರಡಕ್ಕೂ ಮುಂದೆ 'ಶಕ್ತಿ'ಯನ್ನು ಇಟ್ಟಿದ್ದಾರೆ. ಇದರಲ್ಲಿ ಎರಡು ಎಚ್ಚರಿಕೆಗಳಿವೆ. ಇರುವ ಶಕ್ತಿಯನ್ನು ಮರೆಮಾಚಬಾರದು ಎಂಬುದು ಒಂದು. ಇಲ್ಲದ ಶಕ್ತಿಯನ್ನು ಇದೆಯೆಂದು ತೋರಿಸಬಾರದು ಎಂಬುದು ಮತ್ತೊಂದು. ಮೊದಲನೆಯದನ್ನು ನಮ್ಮ ಹಿರಿಯರು ದಿನವೂ ಹೇಳುತ್ತಾರೆ. ಎರಡನೆಯದನ್ನು ಹೇಳುವವರು ವಿರಳ.

ಬಾಹ್ಯ ತಪಸ್ಸುಗಳು ಆರು: ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ, ವಿವಿಕ್ತಶಯ್ಯಾಸನ, ಕಾಯಕ್ಲೇಶ. ಆಭ್ಯಂತರ ತಪಸ್ಸುಗಳೂ ಆರು: ಪ್ರಾಯಶ್ಚಿತ್ತ, ವಿನಯ, ವೈಯಾವೃತ್ಯ, ಸ್ವಾಧ್ಯಾಯ, ವ್ಯುತ್ಸರ್ಗ, ಧ್ಯಾನ. ಒಟ್ಟು ಹನ್ನೆರಡು. ಹನ್ನೆರಡರಲ್ಲಿ ಉಪವಾಸವೆಂಬುದು ಒಂದು. ಹೊರಗಿನವರ ಕಣ್ಣಿಗೆ ಬೀಳುವಂಥದ್ದಾದುದರಿಂದ ಅದೊಂದೇ ತಪಸ್ಸೆಂಬ ಭಾವನೆ ಜನರಲ್ಲಿ ಬೇರೂರಿದೆ. ಒಂದು ಬಾಗಿಲು ಕೆಲಕಾಲ ಮುಚ್ಚಿದ್ದರೆ ಹನ್ನೊಂದು ಬಾಗಿಲುಗಳು ತೆರೆದೇ ಇವೆ ಎಂಬುದನ್ನು ಆ ಸೊಸೆಗೆ ಯಾರೂ ಹೇಳಿರಲಿಲ್ಲ.

ಅಹಿಂಸಾಣುವ್ರತದ ಅತಿಚಾರಗಳು

ಇನ್ನು ಅಹಿಂಸಾಣುವ್ರತದ ಕಡೆಗೆ ನೋಡೋಣ. ಅದರ ಐದು ಅತಿಚಾರಗಳು ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಸಾಮಾನ್ಯವಾಗಿ ಇವನ್ನು ಎತ್ತು ಎಮ್ಮೆಗಳ ವಿಷಯದಲ್ಲಿ ವಿವರಿಸುವುದು ರೂಢಿ. ಬಂಡಿಗೆ ಮಿತಿಮೀರಿ ಹತ್ತಿ ಹೇರಬಾರದು, ಉಳುವ ಎತ್ತಿಗೆ ಹೊತ್ತಿಗೆ ಮೇವು ನೀರು ತಪ್ಪಿಸಬಾರದು ಎಂದು ನಮ್ಮ ಕರಿಮಣ್ಣಿನ ಒಕ್ಕಲುತನದ ಮನೆಗಳಲ್ಲಿ ಅಜ್ಜಂದಿರು ಹೇಳಿಕೊಡುತ್ತಿದ್ದರು. ಸರಿಯಾದ ಮಾತೇ. ಆದರೆ ನಮ್ಮನ್ನು ಆಶ್ರಯಿಸಿದ ಜೀವಗಳಲ್ಲಿ ಎಲ್ಲಕ್ಕಿಂತ ಅಸಹಾಯವಾದುದು ಯಾವುದು? ಬಾಯಿ ಬಾರದ, ಎದ್ದು ಹೋಗಲಾರದ, ಬೇರೆಡೆ ಬೇಡಲಾರದ ಕೂಸಲ್ಲವೆ? ಆರು ತಿಂಗಳು ತುಂಬುವವರೆಗೆ ಅದಕ್ಕೆ ಅನ್ನವೂ ಪಾನವೂ ತಾಯಿಯ ಹಾಲೊಂದೇ. ತಾಯಿ ತನ್ನ ದೇಹವನ್ನು ಒಣಗಿಸಿದರೆ ಅನ್ನಪಾನನಿರೋಧ ಆಗುವುದು ಯಾರಿಗೆ ಎಂದು ಯೋಚಿಸಿರಿ. ಹಾಗೆಯೇ, ರಾತ್ರಿ ಮೂರು ಸಲ ಎದ್ದ ಬಾಣಂತಿಗೆ ಹೊಲದ ಬುತ್ತಿ, ಬಟ್ಟೆ, ಕಸಮುಸುರೆಗಳೆಲ್ಲವನ್ನೂ ಹೊರಿಸಿ, ಮೇಲೆ ಉಪವಾಸವನ್ನೂ ಹೇರಿದರೆ ಅದು ಅತಿಭಾರಾರೋಪಣವಲ್ಲದೆ ಮತ್ತೇನು? ಎತ್ತಿಗೆ ಸಲ್ಲದ್ದು ಸೊಸೆಗೆ ಸಲ್ಲುವುದೇ?

ಇದಕ್ಕಿಂತಲೂ ಸ್ಪಷ್ಟವಾದ ಆಧಾರವೊಂದು ವಟ್ಟಕೇರಾಚಾರ್ಯರ ಮೂಲಾಚಾರದಲ್ಲಿದೆ. ಪಿಂಡಶುದ್ಧಿಯನ್ನು ಹೇಳುವಲ್ಲಿ, ಮುನಿಗಳು ಎಂಥ ಸ್ಥಿತಿಯಲ್ಲಿರುವವರ ಕೈಯಿಂದ ಆಹಾರ ಸ್ವೀಕರಿಸಬಾರದು ಎಂಬ ದಾಯಕ ದೋಷಗಳ ವಿವರ ಬರುತ್ತದೆ. ಹಾಲು ಕುಡಿಯುತ್ತಿರುವ ಮಗುವನ್ನು ಕೆಳಗಿಟ್ಟು ಎದ್ದು ಬಂದು ಆಹಾರ ನೀಡುವವಳು ಆ ಪಟ್ಟಿಯಲ್ಲಿದ್ದಾಳೆ. ಇದರ ಅರ್ಥವನ್ನು ಮನಸ್ಸಿಗೆ ತಂದುಕೊಳ್ಳಿರಿ. ಸತ್ಪಾತ್ರಕ್ಕೆ ಆಹಾರದಾನವೆಂಬುದು ಶ್ರಾವಕನ ಪಾಲಿಗೆ ಎಷ್ಟು ದೊಡ್ಡ ಪುಣ್ಯ! ದಿಗಂಬರ ಮುನಿಗಳಾದರೋ ದಿನಕ್ಕೆ ಒಂದೇ ಹೊತ್ತು ಉಣ್ಣುವವರು. ಅಂತರಾಯವಾದರೆ ಅಂದು ಆ ಒಂದು ಹೊತ್ತೂ ಇಲ್ಲ. ಅಂಥವರು ಕೂಡ ಕೂಸಿನ ಬಾಯಿಂದ ಬಿಡಿಸಿಕೊಂಡು ಬಂದ ಕೈಯ ತುತ್ತನ್ನು ಒಲ್ಲೆವೆನ್ನುತ್ತಾರೆ. ಮಗುವಿನ ಹಸಿವನ್ನು ಬದಿಗೊತ್ತಿ ಗಳಿಸುವ ಪುಣ್ಯವನ್ನು ಮುನಿಧರ್ಮವೇ ಸ್ವೀಕರಿಸದಿರುವಾಗ, ಅದೇ ಹಸಿವನ್ನು ಬದಿಗೊತ್ತಿ ಮಾಡುವ ಉಪವಾಸವನ್ನು ಗೃಹಸ್ಥಧರ್ಮ ಹೇಗೆ ಮೆಚ್ಚೀತು?

ದೇಹವು ಹೇಳುವ ಮಾತು

ವೈದ್ಯಶಾಸ್ತ್ರವೂ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತದೆ. ಹಾಲೂಡುವ ತಾಯಿಯ ದೇಹ ದಿನಕ್ಕೆ ಸುಮಾರು ಮುಕ್ಕಾಲು ಲೀಟರಿನಷ್ಟು ಹಾಲನ್ನು ಉತ್ಪಾದಿಸುತ್ತದೆ. ಅದಕ್ಕಾಗಿ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲೊರಿ, ನಂತರದ ಆರು ತಿಂಗಳು 520 ಕ್ಯಾಲೊರಿ ಹೆಚ್ಚಿನ ಆಹಾರ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸೂಚಿಸಿದೆ. ನಮ್ಮ ಅಡಿಗೆಮನೆಯ ಲೆಕ್ಕದಲ್ಲಿ ಹೇಳುವುದಾದರೆ ನಿತ್ಯದ ಊಟದ ಮೇಲೆ ಹೆಚ್ಚುಕಡಿಮೆ ಎರಡು ಜೋಳದ ರೊಟ್ಟಿ, ಒಂದು ಬಟ್ಟಲು ಹೆಸರುಬೇಳೆ, ಒಂದು ಲೋಟ ಹಾಲು. ಒಂದು ಹೊತ್ತಿನ ಊಟ ತಪ್ಪಿದೊಡನೆ ಹಾಲು ಬತ್ತಿಬಿಡುತ್ತದೆ ಎಂದಲ್ಲ. ಅಲ್ಲಿಯೇ ಮೋಸವಿರುವುದು. ತಿನ್ನಲು ಕೊಡದಿದ್ದರೂ ದೇಹ ತನ್ನ ಮಾಂಸದಿಂದ, ಎಲುಬಿನ ಸುಣ್ಣದಂಶದಿಂದ ತೆಗೆದು ಕೂಸಿಗೆ ಕೊಡುತ್ತಲೇ ಇರುತ್ತದೆ; ನಷ್ಟ ಕಾಣಿಸುವುದು ತಡವಾಗಿ, ತಾಯಿಯ ಸೊಂಟದಲ್ಲಿ, ಕಣ್ಣಿನಲ್ಲಿ, ಸಿಡುಕಿನಲ್ಲಿ. ನೀರನ್ನೂ ಬಿಟ್ಟು ದಿನಗಟ್ಟಲೆ ಉಪವಾಸ ಕುಳಿತರಂತೂ ತಾಯಿ ಮಗು ಇಬ್ಬರಿಗೂ ಅಪಾಯ. ಗರ್ಭಿಣಿಯರಿಗೂ ಈ ಮಾತು ಅನ್ವಯಿಸುತ್ತದೆ.

ಒಂದು ಅರ್ಥದಲ್ಲಿ ನೋಡಿದರೆ ಹಾಲೂಡುವ ತಾಯಿ ಹಗಲಿರುಳೂ ತನ್ನ ದೇಹದಿಂದಲೇ ಆಹಾರದಾನ ಮಾಡುತ್ತಿದ್ದಾಳೆ. ವೈಯಾವೃತ್ಯವೆಂಬುದು ಮುಖ್ಯವಾಗಿ ಸಂಯಮಿಗಳ ಸೇವೆ ಎಂಬುದನ್ನು ನಾನು ಬಲ್ಲೆ. ಕೂಸಿನ ಆರೈಕೆಯನ್ನು ಅದಕ್ಕೆ ಸಮನೆಂದು ಹೇಳಲಾರೆ. ಏಕೆಂದರೆ ಇದರಲ್ಲಿ ಮೋಹದ ಅಂಶವಿದೆ. ಆದರೂ ಮಲಮೂತ್ರಕ್ಕೆ ಹೇಸದಿರುವುದು, ನಿದ್ರೆ ಬಿಟ್ಟು ಎಚ್ಚರದಿಂದಿರುವುದು, ಪ್ರತಿಫಲ ಬಯಸದಿರುವುದು, ಈ ಗುಣಗಳ ಅಭ್ಯಾಸ ತೊಟ್ಟಿಲ ಬಳಿಯಲ್ಲಿಯೇ ಆರಂಭವಾಗುತ್ತದೆ. ಇಲ್ಲಿ ಅದನ್ನು ಕಲಿತವಳು ಮುಂದೆ ತ್ಯಾಗಿಗಳ ಸೇವೆಗೆ ಹೊಸಬಳಾಗುವುದಿಲ್ಲ.

ಮೈಗೆ ಮಾಡಿಕೊಳ್ಳುವ ಉಪಚಾರ

ಎಳೆಮಕ್ಕಳ ತಾಯಂದಿರಲ್ಲಿ ಒಂದು ವಿಪರೀತವನ್ನು ಕಾಣುತ್ತೇವೆ. ಮಧ್ಯಾಹ್ನವಾದರೂ ತಲೆ ಬಾಚಿರುವುದಿಲ್ಲ. ಸ್ನಾನ ಸಂಜೆಗೆ ಬೀಳುತ್ತದೆ. ಎಲ್ಲರ ಊಟವಾದ ಮೇಲೆ ತಣ್ಣಗಿನ ರೊಟ್ಟಿಯನ್ನು ನಿಂತುಕೊಂಡೇ ಮುರಿದು ತಿನ್ನುತ್ತಾರೆ. ಕೇಳಿದರೆ, "ಮೈ ಕಡೆ ಲಕ್ಷ್ಯ ಕೊಡೂದು ಮೋಹ ಅಲ್ರಿ?" ಎನ್ನುವವರೂ ಉಂಟು. ಸಹೋದರಿಯರೇ, ಅಸ್ನಾನ, ಅದಂತಧಾವನ, ಭೂಶಯನ, ಏಕಭುಕ್ತಗಳು ಮುನಿಗಳ ಇಪ್ಪತ್ತೆಂಟು ಮೂಲಗುಣಗಳಲ್ಲಿ ಸೇರಿದವು. ಮನೆಯನ್ನೂ ಮಮತೆಯನ್ನೂ ಬಿಟ್ಟವರಿಗೆ ಅವು ಭೂಷಣ. ಗೃಹಸ್ಥೆಯಾದವಳು ಮಿಂದು ಮಡಿಯಾಗಿ ಜಿನದರ್ಶನ ಮಾಡಬೇಕೆಂದೇ ವಿಧಿ. ಮುನಿಯ ಒಂದು ಗುಣವನ್ನು ಮಾತ್ರ ಎರವಲು ತಂದು, ಉಳಿದುದನ್ನೆಲ್ಲ ಸಂಸಾರದಲ್ಲಿಟ್ಟುಕೊಂಡರೆ ಅದು ವೈರಾಗ್ಯವಾಗದು. ಅದಕ್ಕೆ ಆಯಾಸವೆಂದು ಹೆಸರು. ಶೃಂಗಾರಕ್ಕೂ ಶುಚಿತ್ವಕ್ಕೂ ಇರುವ ಅಂತರವನ್ನು ಅರಿತು, ದೇಹವನ್ನು ಧರ್ಮಸಾಧನವೆಂದು ಕಾಪಾಡುವುದು ಸ್ವದಯೆ. ಪರದಯೆಯನ್ನು ಹೇಳಿದ ಧರ್ಮವೇ ಸ್ವದಯೆಯನ್ನೂ ಹೇಳಿದೆ.

ಹಾಗಾದರೆ ದಿನಚರಿ ಹೇಗಿರಬೇಕು? ದೊಡ್ಡ ನಿಯಮಗಳು ಬೇಡ. ಕೂಸಿನ ನಿದ್ರೆಯ ಎಡೆಯಲ್ಲಿ ಹಿಡಿಸುವಂಥ ಸಣ್ಣ ಸಣ್ಣ ಕ್ರಿಯೆಗಳು ಸಾಕು.

ಬೆಳಿಗ್ಗೆ ಕಣ್ಣು ತೆರೆದೊಡನೆ, ಕೂಸು ಪಕ್ಕದಲ್ಲಿದ್ದರೂ ಸರಿ, ಒಂದು ಕಾಯೋತ್ಸರ್ಗ ಮಾಡಿರಿ. ಒಂಬತ್ತು ಸಲ ಣಮೋಕಾರ, ಇಪ್ಪತ್ತೇಳು ಶ್ವಾಸೋಚ್ಛ್ವಾಸ. ಒಂದು ಮಂತ್ರಕ್ಕೆ ಮೂರು ಉಸಿರು. ಗಡಿಯಾರ ನೋಡಿದರೆ ಎರಡು ಮೂರು ನಿಮಿಷ. ವಿಧಿಪೂರ್ವಕವಾದ ಸಾಮಾಯಿಕಕ್ಕೆ ಎರಡು ಘಳಿಗೆ, ಎಂದರೆ 48 ನಿಮಿಷ ಬೇಕು. ಅಷ್ಟು ಹೊತ್ತು ಅಖಂಡವಾಗಿ ಕೂರಲು ಎರಡು ವರ್ಷದ ಮಗ ಬಿಡಲಾರ. ಕುಳಿತರೂ ಮನಸ್ಸು ಅಡಿಗೆಮನೆಯ ಪಾತ್ರೆ ಬಿದ್ದ ಸದ್ದಿನ ಕಡೆಗೇ ಓಡುತ್ತದೆ. ಮನೋದುಷ್ಪ್ರಣಿಧಾನವೆಂಬ ಅತಿಚಾರವೇ ಆದೀತು. ಆದುದರಿಂದ ದಿನದಲ್ಲಿ ನಾಲ್ಕು ಸಲ ಇಂಥ ಕಿರಿದಾದ ಕಾಯೋತ್ಸರ್ಗ ಮಾಡಿರಿ. ಇದನ್ನು ಸಾಮಾಯಿಕ ವ್ರತವೆನ್ನಬೇಡಿರಿ; ಅದರ ಅಭ್ಯಾಸವೆನ್ನಿರಿ. ಹೆರಿಗೆಯ ಸೂತಕದ ದಿನಗಳಲ್ಲಿ ಪೂಜೆ ಅಭಿಷೇಕಗಳು ನಿಲ್ಲುತ್ತವೆಯೇ ಹೊರತು ಮನದೊಳಗಿನ ಪಂಚಪರಮೇಷ್ಠಿ ಸ್ಮರಣೆಗೆ ತಡೆಯಿಲ್ಲ.

ಎದ್ದ ಮೇಲೆ ಸೋಸಿ ಕಾಯಿಸಿದ ನೀರನ್ನು ಮೊದಲು ನೀವು ಕುಡಿಯಿರಿ. ಇಮ್ಮಡಿಸಿದ ದಟ್ಟ ಬಟ್ಟೆಯಲ್ಲಿ ನೀರು ಸೋಸುವುದು, ಬಟ್ಟೆಯಲ್ಲಿ ನಿಂತ ಸೂಕ್ಷ್ಮ ಜೀವಗಳನ್ನು ನೀರು ಬಂದ ನೆಲೆಗೇ ಮರಳಿಸುವುದು, ಸೋಸಿದ ನೀರಿಗೆ ಒಂದು ಮುಹೂರ್ತ, ಚೆನ್ನಾಗಿ ಕುದಿಸಿದ ನೀರಿಗೆ 24 ಗಂಟೆಗಳ ಮರ್ಯಾದೆ, ಇವೆಲ್ಲ ನಮ್ಮ ಅಜ್ಜಿಯರ ಕೈಗೆ ಒಗ್ಗಿದ ಆಚಾರಗಳು. ಎಳೆಮಕ್ಕಳ ಮನೆಯಲ್ಲಿ ಇದರ ಪ್ರಯೋಜನ ಇಮ್ಮಡಿ. ಜೀವದಯೆಯೂ ಆಯಿತು, ಮಕ್ಕಳ ವಾಂತಿಭೇದಿಗೆ ಒಂದು ತಡೆಯೂ ಆಯಿತು. ಕುದಿಸುವುದನ್ನು ಮಾತ್ರ ಬಿಡಬೇಡಿರಿ. ಬರಿಯ ಬಟ್ಟೆಯಿಂದ ರೋಗಾಣುಗಳೆಲ್ಲ ಸೋಸಿ ಹೋಗವು.

ಊಟ ಹೊತ್ತಿಗೆ ಸರಿಯಾಗಿ, ಕುಳಿತು, ಬಿಸಿಯಾಗಿ ಆಗಲಿ. ರಾತ್ರಿಭೋಜನ ತ್ಯಾಗವಿದ್ದ ಮನೆಯಲ್ಲಿ ಬಾಣಂತಿಯ ಸಂಜೆಯ ಊಟ ಎಲ್ಲರಿಗಿಂತ ಮೊದಲು ಆಗಬೇಕು. ಹೊಲದಿಂದ ಬಂದವರಿಗೆಲ್ಲ ಬಡಿಸಿ ಮುಗಿಸುವಷ್ಟರಲ್ಲಿ ಸೂರ್ಯ ಮುಳುಗಿ, ಅವಳು ಹಸಿದು ಮಲಗಿ, ರಾತ್ರಿ ಮೂರು ಸಲ ಹಾಲೂಡಿಸುವುದೆಂದರೆ ವ್ರತದ ಭಾರವನ್ನು ಮನೆಯವರೆಲ್ಲ ಸೇರಿ ಅವಳೊಬ್ಬಳ ಮೇಲೆ ಹೊರಿಸಿದಂತೆ. ಬಾಣಂತಿಗೆ ಬೆಳ್ಳುಳ್ಳಿ ಇಲ್ಲದೆ ಹಾಲು ಬಾರದೆಂಬ ಮಾತು ಊರಲ್ಲಿದೆ. ಕಂದಮೂಲ ಬಿಟ್ಟ ನಮ್ಮ ಮನೆಗಳಲ್ಲಿ ಅಜವಾನ, ಸಬ್ಬಸಿಗೆ, ಅಳ್ವಿ ಪಾಯಸ, ಅಂಟಿನ ಉಂಡೆಗಳಿಂದಲೇ ತಲೆತಲಾಂತರದಿಂದ ಬಾಣಂತನಗಳು ನಡೆದಿವೆ. ಕೂಸು ಮಲಗಿದಾಗ ತಾಯಿಯೂ ಮಲಗಲಿ. ಹಗಲು ನಿದ್ರೆ ಪ್ರಮಾದವೆಂದು ಅವಳನ್ನು ಎಬ್ಬಿಸುವವರು ಆ ರಾತ್ರಿ ತಾವು ತೊಟ್ಟಿಲು ತೂಗಲು ಸಿದ್ಧರಿರಬೇಕು.

ಪರ್ವದಲ್ಲಿ ಏನನ್ನೂ ತ್ಯಜಿಸದಿದ್ದರೆ ಮನಸ್ಸಿಗೆ ಸಮಾಧಾನವಾಗದೆ ಇದ್ದರೆ, ದೇಹಕ್ಕೆ ತಟ್ಟದ ತ್ಯಾಗಗಳನ್ನು ಆರಿಸಿಕೊಳ್ಳಿರಿ. ಹತ್ತು ದಿನ ಚಹಾ ಬಿಡಬಹುದು. ಬಜಾರದ ಕರಿದ ತಿಂಡಿ ಬಿಡಬಹುದು. ಹೊಸ ಸೀರೆ ಒಡವೆಗಳಿಗೆ ಪರಿಮಾಣ ಮಾಡಬಹುದು. ಇನ್ನೊಬ್ಬರ ಮನೆಯ ಮಾತು ಆಡೆನೆಂಬ ನಿಯಮ ಹಿಡಿಯಬಹುದು. ಕೈಯಲ್ಲಿರುವ ದೂರವಾಣಿಯನ್ನು ಕೂಸಿಗೆ ಹಾಲೂಡುವಾಗ ಮುಟ್ಟೆನೆನ್ನಬಹುದು. ಇವು ನಾಲಿಗೆಗೂ ಮನಸ್ಸಿಗೂ ಕಡಿವಾಣ, ಹಾಲಿಗೆ ಕಡಿತವಲ್ಲ. ಮಗು ಅನ್ನ ಉಂಡು ಗಟ್ಟಿಯಾದ ಮೇಲೆ, ವೈದ್ಯರನ್ನು ಕೇಳಿ, ಮೊದಲು ಒಂದು ಏಕಭುಕ್ತ, ಆಮೇಲೆ ಒಂದು ಉಪವಾಸ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿದರಾಯಿತು.

ಮಕ್ಕಳ ಆಚಾರ

ಭಗವಜ್ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಗರ್ಭಾನ್ವಯ ಕ್ರಿಯೆಗಳು 53 ಹೇಳಲ್ಪಟ್ಟಿವೆ. ಮಗುವನ್ನು ಹೊರಗೆ ಕರೆತರುವ ಬಹಿರ್ಯಾನ, ಕೂರಿಸುವ ನಿಷದ್ಯೆ, ಅನ್ನಪ್ರಾಶನ, ಐದನೆಯ ವರ್ಷಕ್ಕೆ ಲಿಪಿಸಂಖ್ಯಾನ, ಎಂಟನೆಯ ವರ್ಷಕ್ಕೆ ಉಪನೀತಿ, ಹೀಗೆ ವಯಸ್ಸಿಗೆ ತಕ್ಕಂತೆ ಒಂದೊಂದೇ ಭಾರವನ್ನು ಮಗುವಿನ ಮೇಲೆ ಇಡುತ್ತ ಹೋಗುವ ಕ್ರಮ ಅದು. ಸಂಯಮಕ್ಕೆ ಯೋಗ್ಯತೆ ಎಂಟು ವರ್ಷದ ನಂತರವೇ ಎಂಬುದು ಆಗಮದ ಮರ್ಯಾದೆ. ಹೀಗಿರುವಾಗ ಐದು ವರ್ಷದ ಹುಡುಗಿಯಿಂದ ಉಪವಾಸ ಮಾಡಿಸಿ, ಸಂಜೆ ಮೆರವಣಿಗೆಯಲ್ಲಿ ಕೂರಿಸಿ, ಚಿತ್ರ ತೆಗೆಸಿ ಹಂಚುವುದು ಯಾರ ಮಾನಕಷಾಯದ ಪೋಷಣೆಗೆ ಎಂಬುದನ್ನು ತಂದೆತಾಯಿಗಳು ತಮ್ಮನ್ನೇ ಕೇಳಿಕೊಳ್ಳಬೇಕು. ಮಗುವಿಗೆ ಕಲಿಸಬೇಕಾದದ್ದು ಬೇರೆ. ಇರುವೆಯ ಸಾಲನ್ನು ದಾಟಿ ನಡೆಯುವುದು, ತಟ್ಟೆಯಲ್ಲಿ ಅನ್ನ ಬಿಡದಿರುವುದು, ಉಣ್ಣುವ ಮೊದಲು ಕೈ ತೊಳೆದು ಒಂದು ಣಮೋಕಾರ, ಮಲಗುವ ಮೊದಲು ಇನ್ನೊಂದು.

ಜೇನಿನ ವಿಷಯವಾಗಿ ಒಂದು ಮಾತು. ಮದ್ಯ ಮಾಂಸ ಮಧುಗಳ ತ್ಯಾಗ ನಮ್ಮ ಮೂಲಗುಣಗಳಲ್ಲಿ ಸೇರಿದ್ದರೂ, ಹುಟ್ಟಿದ ಕೂಸಿನ ನಾಲಿಗೆಗೆ ಜೇನು ಸವರುವ ನೆರೆಹೊರೆಯ ರೂಢಿ ಕೆಲವು ಮನೆಗಳೊಳಗೆ ನುಸುಳಿದೆ. ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಲೇಬಾರದೆಂದು ಇಂದಿನ ವೈದ್ಯರು ಎಚ್ಚರಿಸುತ್ತಾರೆ; ಅದರಲ್ಲಿರಬಹುದಾದ ಒಂದು ಬಗೆಯ ರೋಗಾಣುವಿನ ಬೀಜಗಳು ಎಳೆಗರುಳಿನಲ್ಲಿ ಮೊಳೆತು ನರಗಳನ್ನು ಸೋಲಿಸುವ ವಿಷವನ್ನು ಉಂಟುಮಾಡಬಲ್ಲವು. ದಯೆಯಿಂದ ಹುಟ್ಟಿದ ನಿಷೇಧವೇ ಇಲ್ಲಿ ಕೂಸಿಗೆ ರಕ್ಷೆಯೂ ಆಗಿದೆ. ಹಾಗೆಂದು ಎಲ್ಲವನ್ನೂ ನಿಷೇಧಿಸಲು ಹೊರಡಬಾರದು. ರಾತ್ರಿ ಅಳುವ ಮೊಲೆಗೂಸಿಗೆ ಹಾಲೂಡಲು ಹಿಂಜರಿಯುವವರನ್ನು ಕುರಿತು ಕೇಳಿದ್ದೇನೆ. ರಾತ್ರಿಭುಕ್ತಿ ತ್ಯಾಗವೆಂಬುದು ಬುದ್ಧಿಪೂರ್ವಕ ವ್ರತ ಹಿಡಿದವರದು. ಕೂಸು ಯಾವ ವ್ರತವನ್ನೂ ಹಿಡಿದಿಲ್ಲ. ಅದಕ್ಕೆ ಹಗಲಿರುಳಿಲ್ಲದೆ ಹಾಲು ಸಲ್ಲುತ್ತದೆ.

ನೀರಿನ ಮೇಲಿನ ಗೆರೆ

ಇನ್ನು ಕೋಪ. ದಿನವೆಲ್ಲ ದುಡಿದ ತಾಯಿಯ ಮುಂದೆ ಮಗ ಹಿಟ್ಟಿನ ಡಬ್ಬಿ ಚೆಲ್ಲುತ್ತಾನೆ, ಕೈ ಏಳುತ್ತದೆ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರದಲ್ಲಿ ಕ್ರೋಧಕ್ಕೆ ನಾಲ್ಕು ಉಪಮೆಗಳಿವೆ: ಕಲ್ಲಿನ ಗೆರೆ, ನೆಲದ ಗೆರೆ, ಧೂಳಿನ ಗೆರೆ, ನೀರಿನ ಗೆರೆ. ಗೃಹಸ್ಥರಾದ ನಮಗೆ ಕೋಪವೇ ಬಾರದಿರಲಿ ಎಂದರೆ ಅದು ಆಗದ ಮಾತು. ಬಂದ ಕೋಪ ಕಲ್ಲಿನ ಗೆರೆಯಾಗದಿರಲಿ, ನೀರಿನ ಗೆರೆಯ ಕಡೆಗೆ ಸಾಗಲಿ ಎಂಬುದೇ ಸಾಧನೆ. ಕೈ ಏಳುವ ಮುನ್ನ ಮೂರು ಉಸಿರು, ಒಂದು ಣಮೋಕಾರ. ಆದರೂ ಏಟು ಬಿದ್ದರೆ? ರಾತ್ರಿ ಮಲಗುವಾಗ ಪ್ರತಿಕ್ರಮಣವಿದೆಯಲ್ಲ! ದಿನದ ದೋಷಗಳನ್ನು ನೆನೆದು ಆಲೋಚನೆ ಮಾಡುವಾಗ ಮಗುವಿನ ಹೆಸರನ್ನೂ ಸೇರಿಸಿಕೊಳ್ಳಿರಿ. ಕ್ಷಮಾವಣಿಯ ದಿನ ಊರವರೆಲ್ಲರ ಕ್ಷಮೆ ಕೇಳುತ್ತೇವೆ. ಮನೆಯ ಮಕ್ಕಳನ್ನು ಮರೆಯುತ್ತೇವೆ. ಆ ದಿನ ತಂದೆತಾಯಿಗಳು ಮಗುವಿನ ಮುಂದೆ ಕುಳಿತು, "ನಿನಗೆ ಹೊಡೆದದ್ದು ನಮ್ಮ ತಪ್ಪು, ಕ್ಷಮಿಸು" ಎಂದರೆ ಉತ್ತಮ ಕ್ಷಮೆಯ ಪಾಠ ಅಲ್ಲಿಯೇ ಆಯಿತು.

ಆದರೆ ಬಳಲಿದ ತಾಯಿಗೆ ಬರಿಯ ಕ್ಷಮೆಯ ಉಪದೇಶ ಸಾಲದು. ಕೈಗೆ ಕೈ ಬೇಕು. ರವಿಷೇಣಾಚಾರ್ಯರ ಪದ್ಮಪುರಾಣದಲ್ಲಿ ಅಂಜನೆ ಮನೆಯಿಂದ ಹೊರದೂಡಲ್ಪಟ್ಟು ಕಾಡಿನ ಗುಹೆಯಲ್ಲಿ ಹನುಮಂತನನ್ನು ಹೆತ್ತಾಗ ಅವಳ ಬಳಿ ಅರಮನೆಯಿರಲಿಲ್ಲ, ದಾಸಿಯರಿರಲಿಲ್ಲ. ವಸಂತಮಾಲೆಯೆಂಬ ಒಬ್ಬ ಗೆಳತಿಯಿದ್ದಳು. ಪ್ರತಿ ಬಾಣಂತಿಗೂ ಒಬ್ಬ ವಸಂತಮಾಲೆ ಬೇಕು. ಅತ್ತೆಯಾಗಲಿ, ನಾದಿನಿಯಾಗಲಿ, ನೆರೆಮನೆಯವಳಾಗಲಿ. ಹೆರಿಗೆಯ ನಂತರ ಕಾರಣವಿಲ್ಲದೆ ಅಳು, ಯಾರೂ ಬೇಡವೆನಿಸುವುದು, ಕೂಸನ್ನೂ ನೋಡಲಾಗದಂಥ ಮಂಕು ಎರಡು ವಾರ ಮೀರಿ ಮುಂದುವರಿದರೆ ಅದನ್ನು ಕರ್ಮೋದಯವೆಂದು ಕೈಬಿಡದೆ, ಗಾಳಿ ಸೋಕಿತೆಂದು ಅಲ್ಲಿ ಇಲ್ಲಿ ಅಲೆಯದೆ, ವೈದ್ಯರ ಬಳಿಗೆ ಕರೆದೊಯ್ಯಬೇಕು. ಅಸಾತಾ ವೇದನೀಯದ ಉದಯಕ್ಕೆ ಔಷಧ ಕೊಡಬಾರದೆಂದು ಆಗಮ ಎಲ್ಲಿಯೂ ಹೇಳಿಲ್ಲ. ಔಷಧದಾನವನ್ನು ನಾಲ್ಕು ದಾನಗಳಲ್ಲಿ ಒಂದಾಗಿ ಎಣಿಸಿದೆ.

ಗಂಡಸರಿಗೂ ಒಂದು ಮಾತು. ಆದಿನಾಥ ಸ್ವಾಮಿ ಗೃಹಸ್ಥನಾಗಿದ್ದಾಗ ಬ್ರಾಹ್ಮಿ ಸುಂದರಿಯರನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಬ್ಬಳಿಗೆ ಬಲಗೈಯಿಂದ ಅಕ್ಷರವನ್ನೂ ಮತ್ತೊಬ್ಬಳಿಗೆ ಎಡಗೈಯಿಂದ ಅಂಕೆಯನ್ನೂ ಬರೆದು ಕಲಿಸಿದನೆಂದು ಆದಿಪುರಾಣ ಹೇಳುತ್ತದೆ. ಅಂಥ ತಂದೆಗೆ ಎರಡೂ ಕೈಗಳು ಮಕ್ಕಳಿಗಾಗಿ ಬಿಡುವಾಗಿದ್ದವು. ಸಂಜೆ ಕಟ್ಟೆಯ ಮೇಲೆ ಕುಳಿತು ದೇಶದ ರಾಜಕಾರಣ ಮಾತಾಡುವ ನಮಗೆ ಒಂದು ಕೈಯೂ ಬಿಡುವಿಲ್ಲವೆ? ಹೆಂಡತಿ ಸ್ನಾನ ಮಾಡಿ ಕಾಯೋತ್ಸರ್ಗ ಮುಗಿಸುವ ಅರ್ಧ ಗಂಟೆ ಕೂಸನ್ನು ಎತ್ತಿಕೊಂಡರೆ ಗಂಡನಿಗೆ ಅದೇ ಒಂದು ವ್ರತ.

ಕಾಲ ಬರುತ್ತದೆ

'ಹೀಗೆ ಹೇಳಿದರೆ ಹೆಣ್ಣುಮಕ್ಕಳು ಕೂಸಿನ ನೆಪದಲ್ಲಿ ವ್ರತವನ್ನೇ ಬಿಟ್ಟಾರು' ಎಂದು ಕೆಲವು ಹಿರಿಯರು ಆಕ್ಷೇಪಿಸಬಹುದು. ಅದರಲ್ಲಿ ಹುರುಳಿಲ್ಲವೆಂದು ನಾನು ಹೇಳೆನು. ನೆಪ ಹುಡುಕುವ ಮನಸ್ಸು ಎಲ್ಲರಲ್ಲೂ ಇದೆ. ಪರೀಕ್ಷೆ ಸುಲಭ. ಉಪವಾಸ ಬಿಟ್ಟವಳು ಅದರ ಬದಲು ಹಿಡಿದ ಸಣ್ಣ ನಿಯಮವನ್ನು ಯಾರೂ ನೋಡದಾಗಲೂ ಪಾಲಿಸುತ್ತಿದ್ದರೆ ಅದು ಶಕ್ತಿತಸ್ತಪ. ಅದನ್ನೂ ಕೈಬಿಟ್ಟರೆ ಶಿಥಿಲಾಚಾರ. ಇದನ್ನು ನಿರ್ಣಯಿಸುವವಳು ಅವಳೇ. ಬಸದಿಯ ಕಟ್ಟೆಯ ಮೇಲಿನ ಜನರಲ್ಲ. ಹತ್ತು ದಿನ ಮಾಡಿದೆನೆಂಬ ಅತ್ತೆಯ ದೃಢತೆಗೆ ನಮಸ್ಕಾರ. ಆದರೆ ಆ ದೃಢತೆ ಸೊಸೆಯನ್ನು ಅಳೆಯುವ ಕೋಲಾದರೆ ಉತ್ತಮ ತಪ ಹೋಗಿ ಮಾನಕಷಾಯ ಉಳಿಯುತ್ತದೆ.

ನಮ್ಮ ನಾಡಿನ ಚರಿತ್ರೆಯನ್ನೇ ನೋಡಿರಿ. ನಾಗದೇವನು ಯುದ್ಧದಲ್ಲಿ ಮಡಿದಾಗ ಅವನ ಕಿರಿಯ ಮಡದಿ ಗುಂಡಮಬ್ಬೆ ಚಿತೆಯನ್ನೇರಿದಳು. ಹಿರಿಯಳಾದ ಅತ್ತಿಮಬ್ಬೆ ಮಗ ಅಣ್ಣಿಗದೇವನ ಪಾಲನೆಗಾಗಿ ಉಳಿದಳು. ಅಗ್ನಿಪ್ರವೇಶವನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಲೋಕಮೂಢತೆಯೆಂದು ಎಣಿಸಿದ್ದಾರೆ. ಅಂದಿನ ಲೋಕ ಚಿತೆಯನ್ನೇರಿದವಳನ್ನು ಹೊಗಳಿದ್ದೀತು. ಆದರೆ ಧರ್ಮ ಬೆಳಗಿದ್ದು ಉಳಿದವಳಿಂದ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದವಳು, 993ರಲ್ಲಿ ನಮ್ಮ ನೆರೆಯ ಮುಧೋಳದ ರನ್ನನಿಂದ ಅಜಿತಪುರಾಣ ಬರೆಯಿಸಿದವಳು, 1007ರಲ್ಲಿ ಲಕ್ಕುಂಡಿಯ ಬ್ರಹ್ಮಜಿನಾಲಯವನ್ನು ಕಟ್ಟಿಸಿದವಳು ಆ ತಾಯಿ. ಮಗನನ್ನು ಸಾಕಿದ ಕೈಯೇ ದಾನಚಿಂತಾಮಣಿಯ ಕೈಯಾಯಿತು.

ನಮ್ಮ ಕಾಲಕ್ಕೆ ಬಂದರೂ ಹೀಗೆಯೇ. ನಮ್ಮ ಬೆಳಗಾವಿ ಜಿಲ್ಲೆಯ ಭೋಜದ ಸಾತಗೌಡರು ತಂದೆತಾಯಿಗಳ ಜೀವಿತಾವಧಿಯವರೆಗೆ ಮನೆಯಲ್ಲಿದ್ದು, ಆಮೇಲೆ ದೀಕ್ಷೆಯ ಹಾದಿ ಹಿಡಿದು, 1920ರಲ್ಲಿ ಯರನಾಳದಲ್ಲಿ ಮುನಿಯಾಗಿ, ಚಾರಿತ್ರಚಕ್ರವರ್ತಿ ಶಾಂತಿಸಾಗರ ಮಹಾರಾಜರೆಂದು ವಿಖ್ಯಾತರಾದರು. 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟರು. ಸದಲಗದಲ್ಲಿ 1946ರಲ್ಲಿ ಜನಿಸಿ, 2024ರಲ್ಲಿ ಡೋಂಗರಗಢದಲ್ಲಿ ಸಮಾಧಿ ಹೊಂದಿದ ಆಚಾರ್ಯ ವಿದ್ಯಾಸಾಗರ ಮಹಾರಾಜರ ತಾಯಿಯವರು ಮಕ್ಕಳನ್ನು ಹೆತ್ತು, ಹಾಲೂಡಿ, ಬೆಳೆಸಿ, ಆಮೇಲೆ ತಾವೂ ಆರ್ಯಿಕಾ ದೀಕ್ಷೆ ಪಡೆದರು. ತೊಟ್ಟಿಲು ತೂಗಿದ ವರ್ಷಗಳು ಅವರ ಮೋಕ್ಷಮಾರ್ಗಕ್ಕೆ ಅಡ್ಡಬರಲಿಲ್ಲ. ಮಹಾವ್ರತಕ್ಕೂ ಒಂದು ಕಾಲವಿದೆ, ಅಣುವ್ರತಕ್ಕೂ ಒಂದು ಕಾಲವಿದೆ, ಎಳೆಗೂಸಿಗೂ ಒಂದು ಕಾಲವಿದೆ. ಇವುಗಳಲ್ಲಿ ಮರಳಿ ಬಾರದಿರುವುದು ಕೊನೆಯದು. ಅಷ್ಟಮಿ ಮುಂದಿನ ಪಕ್ಷಕ್ಕೆ ಬರುತ್ತದೆ, ಭಾದ್ರಪದ ಮುಂದಿನ ವರ್ಷಕ್ಕೆ ಬರುತ್ತದೆ. ಐದು ತಿಂಗಳ ಕೂಸು ಮತ್ತೆ ಐದು ತಿಂಗಳದ್ದಾಗದು.

ಆದುದರಿಂದ ಶ್ರಾವಿಕಾ ಸಹೋದರಿಯರೇ, ಬರುವ ಪರ್ವದಲ್ಲಿ ಮಡಿಲಲ್ಲಿ ಕೂಸಿದ್ದವರು ಇಷ್ಟನ್ನು ಹಿಡಿಯಿರಿ: ದಿನಕ್ಕೆ ನಾಲ್ಕು ಕಾಯೋತ್ಸರ್ಗ, ಹೊತ್ತಿಗೆ ಸರಿಯಾದ ಊಟ, ಒಂದು ರಸದ ಅಥವಾ ಒಂದು ಮಾತಿನ ತ್ಯಾಗ, ರಾತ್ರಿ ಒಂದು ಆಲೋಚನೆ. ಮನೆಯ ಹಿರಿಯರು ಇಷ್ಟು ಮಾಡಿರಿ: ಅವಳಿಗೆ ಮೊದಲು ಬಡಿಸಿರಿ. ಪರ್ವದ ಕ್ಷಮಾವಣಿಯಂದು ಉಪವಾಸ ಮಾಡಿದವರಿಗೆ ಹಾರ ಹಾಕುವಾಗ ಕಂಬದ ಬಳಿ ಕುಳಿತವಳನ್ನೂ ಮುಂದೆ ಕರೆದು ಕೂರಿಸಿರಿ.

ಸರ್ವ ಜೀವಿಗಳಿಗೂ ಕ್ಷೇಮವಾಗಲಿ.

|| ಜಯ ಜಿನೇಂದ್ರ ||